ಕಣ್ಣಿಗೊತ್ತಿಕೊಂಡ ಹಾಳೆ

ಹೆಣ್ಣು ನೋಡಲು ಬರುತ್ತಾರೆಂದು ಮನೆಯನ್ನೆಲ್ಲ ಓರಣ ಮಾಡಿದ್ದ ಅಫ್ರೀನ್, ಕುರ್ಚಿಯ ಮೇಲಿದ್ದ ಹಾಳೆಯೊಂದನ್ನು ಮರೆತೇಬಿಟ್ಟಿದ್ದಳು.

ಗುಂಡ್ಲುಪೇಟೆಯಿಂದ ಮಗ ಸುಫಿಯಾನ್ ಜೊತೆ ಬಂದ ಬೀಬಿಜಾನ್, ಅದರಲ್ಲಿ ಅರಬ್ಬಿ ಅಕ್ಷರ ಕಂಡದ್ದೇ ತಡ, ತಲೆ ಮೇಲೆ ಸೆರಗೆಳೆದುಕೊಂಡು ಹಾಳೆಗೆ ಮುತ್ತಿಟ್ಟು ಕಣ್ಣಿಗೊತ್ತಿಕೊಂಡರು.

ಅಫ್ರೀನ್ ತಡೆಯಲು ಕೈ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದು ಮಾತ್ರೆ ಡಬ್ಬಿಯೊಳಗೆ ಮಡಚಿಡುವ ಚೀಟಿ. ಗಲ್ಫಿಗೆ ಹೋಗುವ ಔಷಧಿಗಳ ಚೀಟಿಯನ್ನು ಚಾಮರಾಜನಗರದ ಈ ಮನೆಯಲ್ಲೇ ಕೂತು ಅರಬ್ಬಿಗೆ ಅನುವಾದಿಸುವುದು ಅವಳ ಕೆಲಸ. ಅರಬ್ಬಿ ಬರುತ್ತಿತ್ತು, ಕೆಮಿಸ್ಟ್ರಿ ಬರುತ್ತಿರಲಿಲ್ಲ. ರಕ್ತದಲ್ಲಿ ಔಷಧಿ ಹೇಗೆ ಕರಗುತ್ತಾ ಬರುತ್ತದೆ, ಉಳಿದದ್ದು ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂದು ಕೇಳಲು, ಗೆಳತಿ ಕೊಟ್ಟ ನಂಬರಿಗೆ ಫೋನ್ ಮಾಡಿದ್ದಳು. ಮೆಡಿಕಲ್ ಸ್ಟೋರಿನ ಸುಫಿಯಾನ್ ಸಿಕ್ಕಿದ್ದು ಹಾಗೆ. ಮಲ, ಮೂತ್ರ ಅನ್ನುವ ಮಾತುಗಳ ನಡುವೆಯೇ ಇಬ್ಬರಿಗೂ ಪ್ರೀತಿಯಾಯಿತು. ಇಂಥ ಪ್ರೇಮಕಥೆಯನ್ನು ಯಾರ ಮುಂದೆ ಹೇಳುವುದು!

"ದುವಾ ಅಲ್ವಾ ಬೇಟಿ? ಸ್ವಲ್ಪ ಓದು. ಒಳ್ಳೆ ಮಾತಿಗೆ ಮುಂಚೆ ಬರ್ಕತ್ ಇರ್ಲಿ," ಎಂದರು ಬೀಬಿಜಾನ್.

ಅದು ಯಾವ ಚೀಟಿ ಎಂದು ಊಹಿಸಿದ ಸುಫಿಯಾನ್ ಕಿವಿ ಕೆಂಪಾಯಿತು. ಯಾವುದಾದರೂ ಪ್ರಾರ್ಥನೆ ಓದಿಬಿಡು ಎಂದು ಕಣ್ಣಲ್ಲೇ ಅವಳನ್ನು ಬೇಡಿದ. ಸುಳ್ಳು ಓದಿದರೆ ಮದುವೆ ಗಟ್ಟಿ, ನಿಜ ಹೇಳಿದರೆ ಸಂಬಂಧ ಇಲ್ಲಿಗೇ ಮುಗಿದೀತು. ಆದರೆ ಅಷ್ಟು ಭಕ್ತಿಯಿಂದ ಮುತ್ತಿಟ್ಟವರಿಗೆ ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ದುವಾ ಅಲ್ಲ ಖಾಲಾ," ಎಂದಳು ನೆಲ ನೋಡುತ್ತಾ. "ಟಿಬಿ ಮಾತ್ರೆ ಚೀಟಿ. ಅದು ಮೈಯಿಂದ ಹೆಂಗೆ ಆಚೆ ಹೋಗುತ್ತೆ ಅಂತ... ಒಂದಕ್ಕೆ ಹೋದ್ರೆ ಕೆಂಪಗೆ ಬರುತ್ತೆ, ಹೆದರ್ಬೇಡಿ, ಮಾತ್ರೆ ನಿಲ್ಲಿಸ್ಬೇಡಿ ಅಂತ ಬರ್ದಿದೀನಿ. ಎತ್ತಿಡ್ಬೇಕಿತ್ತು. ತಪ್ಪಾಯ್ತು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಬೀಬಿಜಾನ್ ಹಾಳೆಯನ್ನು ಅವಳ ಹತ್ತಿರಕ್ಕೆ ಹಿಡಿದರು. ಆಮೇಲೆ ದನಿ ತಗ್ಗಿಸಿ, "ಹೆದರ್ಬೇಡಿ ಅಂತ ನಿಜವಾಗ್ಲೂ ಐತಾ?" ಎಂದರು.

"ಹೂಂ."

"ನಂಗೂ ಟಿಬಿ ಮಾತ್ರೆನೇ ಕೊಟ್ಟಿರೋದು, ಹಂಗೇ ಆಗ್ತಿತ್ತು ಬೇಟಿ. ರಕ್ತಾನೇ ಹೋಗ್ತೈತೆ ಅಂತ ಹೆದರ್ಕೊಂಡೇ ನುಂಗ್ತಿದ್ದೆ. ಹೋದ ವಾರ ಮಾತ್ರೆ ಬುಟ್ಬುಟ್ಟೆ. ಗಂಡು ಮಗನ ಹತ್ರ ಇದನ್ನ ಹೆಂಗೆ ಹೇಳೋದು?"

ಸುಫಿಯಾನ್‌ಗೆ ಕೇಳಿಸಿತು. ಅಂಗಡಿಗೆ ಬಂದವರಿಗೆಲ್ಲ ಬಿಡಿಸಿ ಹೇಳುವವನು, ಗುರುತಿಲ್ಲದ ಹುಡುಗಿಗೆ ಫೋನಿನಲ್ಲೂ ಹೇಳಿದವನು, ಅದೇ ಮಾತ್ರೆಯನ್ನು ಅಮ್ಮನ ಕೈಗಿಡುವಾಗ ನಾಚಿ ಸುಮ್ಮನಿದ್ದ. ಈಗ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ನಾನೇ ಹೇಳ್ಬೇಕಿತ್ತು ಅಮ್ಮಿ. ನಾಳೆನೇ ಡಾಕ್ಟ್ರ ಹತ್ರ ಹೋಗನ."

ಬೀಬಿಜಾನ್ ಅಫ್ರೀನ್ ಕೈ ಹಿಡಿದುಕೊಂಡರು. "ನಾಚ್ಕೊಂಡಾದ್ರೂ ನಿಜ ಹೇಳೋರು ನಮ್ಮನೇಲಿ ಒಬ್ರು ಬೇಕು. ಬರ್ತೀಯಾ?"

ಸುಫಿಯಾನ್ ತಲೆಯೆತ್ತಿ ತನ್ನನ್ನು ನೋಡುವವರೆಗೂ ಕಾದು, ಅಫ್ರೀನ್ ಹೂಂ ಅಂದಳು.