ಒಂದೇ ಕಿವಿಯ ಕೊಳವೆ

ಎಕ್ಸ್‌ರೇಯಲ್ಲಿ ಕೊಳವೆ ಇರಲಿಲ್ಲ.

ಹತ್ತು ದಿನದ ಹಿಂದೆ ಹುಣಸೂರಿನ ಇದೇ ಖಾಸಗಿ ಆಸ್ಪತ್ರೆಯಲ್ಲಿ ಬಿಳಿಕೆರೆಯ ಶಿವನಂಜಪ್ಪನವರ ಪಿತ್ತನಾಳಕ್ಕೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಟೆಂಟ್, ಹಾಕಿದ್ದರು. ಕಟ್ಟಿಕೊಂಡ ಪಿತ್ತ ಹರಿಯಲಿ ಅಂತ. ಈಗ ನೋಡಿದರೆ ಮತ್ತೆ ಕಣ್ಣು ಹಳದಿ, ಮೈತುಂಬ ಚಳಿಜ್ವರ.

"ನಾಟಿ ಔಷಧಿ ಕೊಟ್ರಾ?" ಡಾಕ್ಟರ್ ಕಾಂತರಾಜ್ ಕೇಳಿದರು.

ಹೆಂಡತಿ ಸುಂದ್ರಮ್ಮ ತಲೆ ತಗ್ಗಿಸಿದರು. "ಒಂದ್ ಲೋಟ, ಸ್ವಾಮಿ. ಪಿರಿಯಾಪಟ್ಟಣದಿಂದ ತರ್ಸಿದ್ದೆ."

"ಭೇದಿಯಾಗಿ ಜಾರಿಹೋಗಿದೆ." ಕೇಸ್‌ಶೀಟಿನಲ್ಲೂ ಹಾಗೇ ಬರೆದರು.

ಮಗಳು ಶಿವಾನಿ ಅವ್ವನನ್ನು ಮಂಚದ ಹತ್ತಿರ ಬಿಡಲಿಲ್ಲ. "ಆಚೆ ಕೂತ್ಕೊ. ನೀನು ಕುಡ್ಸಿದ್ದು ಸಾಕು."

* * *

ವಿಷಯ ತಿಳಿದು ಊರಿನ ಆಶಾ ಕಾರ್ಯಕರ್ತೆ ಮಂಗಳಗೌರಿ ಬಂದರು. ಸುಂದ್ರಮ್ಮ ವರಾಂಡದ ಬೆಂಚಿನಲ್ಲಿ ಒಬ್ಬರೇ ಇದ್ದರು.

"ಸುಂದ್ರಕ್ಕ, ಔಷಧಿ ಕೊಟ್ಟಿದ್ದು ಯಾವತ್ತು?"

"ಬುಧವಾರ ಕಣವ್ವ. ಕಣ್ಣು ಮತ್ತೆ ಅಳದಿ ಆಯ್ತಲ್ಲ ಅಂತ."

"ಅದಕ್ಕೆ ಮುಂಚೆ ಏನಾದ್ರೂ ಹೊರಗೆ ಬಿತ್ತಾ?"

"ಸೋಮ್ವಾರಾನೇ ಬಿತ್ತು."

ಮಂಗಳಗೌರಿ ನೆಟ್ಟಗೆ ಕೂತರು. "ಎಲ್ಲೈತೆ?"

ಸುಂದ್ರಮ್ಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. "ತೊಳ್ದು, ಕುದ್ಸಿ ಮಡಗಿವ್ನಿ. ಆಸ್ಪತ್ರೆ ಸಾಮಾನು, ಎಸೆಯಕ್ಕಾಯ್ತದಾ? ಮೂರ್ ತಿಂಗ್ಳಿಗೆ ನಾವೇ ತೆಗೀತೀವಿ ಅಂದಿದ್ರು. ಮುಂಚೇನೇ ಬಂದ್ಬುಡ್ತು, ಬೈತಾರೆ ಅಂತ ಸುಮ್ಕಿದ್ದೆ."

ಕೊಳವೆ ಬಿದ್ದದ್ದು ಸೋಮವಾರ, ಔಷಧಿ ಕೊಟ್ಟದ್ದು ಬುಧವಾರ. ಹಾಗಾದರೆ ಬೀಳಿಸಿದ್ದು ಯಾವುದು?

* * *

ನರ್ಸ್ ಪವಿತ್ರಾ ಹೊಸ ಸ್ಟೆಂಟಿನ ಚಿತ್ರ ತೋರಿಸಿದರು. ಎರಡು ತುದಿಗೂ ಕಿವಿಯಂಥ ಸಣ್ಣ ರೆಕ್ಕೆ. ಒಳಗಿನದು ಹೊರಜಾರದಂತೆ ತಡೆಯುತ್ತದೆ, ಹೊರಗಿನದು ಒಳಜಾರದಂತೆ. ಡಬ್ಬಿಯಲ್ಲಿದ್ದ ಕೊಳವೆಗೆ ಒಂದೇ ಕಿವಿ.

"ಕಿತ್ತೋಗಿರ್ಬೇಕು," ಎಂದರು ಪವಿತ್ರಾ.

ಮಂಗಳಗೌರಿ ಕಿವಿಯಿಲ್ಲದ ತುದಿಯ ಮೇಲೆ ಉಗುರು ಆಡಿಸಿ ನೋಡಿದರು. ಚೂರೂ ತರಿಯಿಲ್ಲ. "ಕಿತ್ತಿದ್ದಲ್ಲ, ಕೊಯ್ದಿದ್ದು. ಅವತ್ತು ಬ್ಲೇಡ್ ಬಳಸಿದ್ರಾ?"

"ಬಾಯಿಂದ ಟ್ಯೂಬ್ ಇಳಿಸೋ ಕೆಲ್ಸಕ್ಕೆ ಬ್ಲೇಡ್ ಯಾಕೆ? ಆದ್ರೆ ಟೆಕ್ನಿಷಿಯನ್ ಶಶಿಕುಮಾರ್ ಒಂದು ಇಸ್ಕೊಂಡ್ರು. ಪ್ಯಾಕೆಟ್ ಬಿಚ್ಚಕ್ಕೆ ಅಂತ."

"ಪ್ಯಾಕೆಟ್ ಬಿಚ್ಚಕ್ಕೆ ಬ್ಲೇಡ್ ಬೇಕಾ?"

ಪವಿತ್ರಾ ಚಿತ್ರ ಕೆಳಗಿಟ್ಟರು. "ಇಲ್ಲ. ಕೈಯಲ್ಲೇ ಸುಲಿದು ಬರುತ್ತೆ."

* * *

ಡಾಕ್ಟರ ಮೇಜಿನ ಮೇಲೆ ಡಬ್ಬಿ ತೆರೆದಿತ್ತು. ಶಶಿಕುಮಾರ್ ಗೋಡೆಗೆ ಒರಗಿ ನಿಂತಿದ್ದ.

"ಸಾರ್, ಕ್ಯಾಮೆರಾದಲ್ಲಿ ನಿಮಗೆ ಕಾಣೋದು ಯಾವ ಕಿವಿ?" ಮಂಗಳಗೌರಿ ಕೇಳಿದರು.

"ಹೊರಗಿಂದು."

"ಅದು ಇದೆ, ಇಲ್ದಿದ್ರೆ ಅವತ್ತೇ ನಿಮಗೆ ಗೊತ್ತಾಗ್ತಿತ್ತು. ಇಲ್ದಿರೋದು ಒಳಗಿಂದು, ಅದಕ್ಕೇ ಹೊರಗೆ ಜಾರ್ತು. ಹೊಟ್ಟೆಯೊಳಗೆ ಕೊಯ್ಯೋರು ಯಾರೂ ಇಲ್ಲ. ಹಾಗಾದ್ರೆ ಹಾಕೋ ಮುಂಚೇನೇ ಕೊಯ್ದವ್ರೆ. ಒಳಗೆ ಕಳಿಸೋ ತಂತಿಗೆ ಅದನ್ನ ಏರಿಸಿ ನಿಮ್ಮ ಕೈಗೆ ಕೊಟ್ಟವರು ಯಾರು?"

ಶಶಿಕುಮಾರ್ ನೆಲ ನೋಡಿದ. "ಏರಿಸುವಾಗ ಕಿವಿ ಹರಿದು ಜೋತಾಡ್ತಿತ್ತು. ಆ ಅಳತೇದು ಬೇರೆ ಇರ್ಲಿಲ್ಲ. ಹೇಳಿದ್ರೆ ನೀವು ಎಲ್ಲರ ಮುಂದೆ ಕೂಗಾಡ್ತಿದ್ರಿ. ಒಂದು ಕಿವೀಲೇ ನಿಲ್ಲುತ್ತೆ ಅನ್ಕೊಂಡು ಕೊಯ್ದೆ."

"ಆಯಮ್ಮನ ಮೇಲೆ ತಪ್ಪು ಬಂದಾಗ್ಲೂ ಬಾಯಿ ಬಿಡ್ಲಿಲ್ವಲ್ಲಪ್ಪ," ಎಂದರು ಮಂಗಳಗೌರಿ.

ಕಾಂತರಾಜ್ ಕನ್ನಡಕ ತೆಗೆದಿಟ್ಟರು. ಶಶಿಕುಮಾರನನ್ನು ಕೆಲಸದಿಂದ ನಿಲ್ಲಿಸಿದರು. ಆಮೇಲೆ ಕೇಸ್‌ಶೀಟಿನ ಆ ಸಾಲು ಹೊಡೆದು, ನಡೆದದ್ದನ್ನು ಬರೆದು, ಸಹಿ ಹಾಕಿದರು.

* * *

ಅದೇ ಮಧ್ಯಾಹ್ನ ಬೇರೆ ಸ್ಟೆಂಟ್ ಹಾಕಿದರು. ಇದರ ಎರಡೂ ತುದಿ ಕುಂಬಳ ಬಳ್ಳಿಯ ಹಾಗೆ ಸುರುಳಿ ಸುತ್ತಿತ್ತು. ಸುಲಭಕ್ಕೆ ಜಾರುವಂಥದ್ದಲ್ಲ.

ಮಾರನೆಯ ಬೆಳಿಗ್ಗೆ ಜ್ವರ ಇಳಿದಿತ್ತು. ಶಿವಾನಿ ವರಾಂಡಕ್ಕೆ ಬಂದು ಬೆಂಚಿನ ಮುಂದೆ ನಿಂತಳು.

"ಒಳಗೆ ಬಾರವ್ವ. ಗಂಜಿ ನೀನೇ ಕುಡ್ಸು."

ಶಿವನಂಜಪ್ಪ ಗಂಜಿ ನೋಡಿದರು. ಹೆಂಡತಿಯ ಮುಖ ನೋಡಿದರು.

"ಆ ಕೊಳವೆ ಡಬ್ಬೀಲಿ ತಂದಿದ್ದಲ್ಲ ತಾನೆ?"