ಮೂರನೆಯ ಏಟಿಗೆ ಮುರಿದ ಚಾಕು

ಕಮ್ಮಾರ ಬಂದಾಗ ಸೊಸೆ ಹೊಸ ಒರೆಯೊಂದಕ್ಕೆ ಮೇಣ ಸವರಿದ ದಾರ ಪೋಣಿಸುತ್ತಿದ್ದಳು. ಸದಾ ಬಾಗಿಲಲ್ಲೇ ನಿಂತು ಹರಟುವ ಮನುಷ್ಯ ಅಂದು ಸೀದಾ ಒಳಗೆ ಬಂದು, ಬಟ್ಟೆಯ ಗಂಟೊಂದನ್ನು ಅವಳ ಹೊಲಿಗೆ ಮೇಜಿನ ಮೇಲಿಟ್ಟು, ಕೂತುಬಿಟ್ಟ. ಬಿಚ್ಚಿ ನೋಡಿದರೆ ನಡುವಿಗೇ ಎರಡು ತುಂಡಾದ ಚಾಕು. ಪಕ್ಕದಲ್ಲಿ ಅವಳೇ ಹೊಲಿದುಕೊಟ್ಟ ಚರ್ಮದ ಒರೆ.

"ಅತ್ತೆಯವರು ಇದ್ದಾರಾ?" ಎಂದ.

ಅತ್ತೆ ಆಗಲೇ ಕನ್ನಡಕ ಹುಡುಕುತ್ತಾ ಹೊರಗೆ ಬರುತ್ತಿದ್ದರು. ಮೂವತ್ತು ವರ್ಷ ಉಪಕರಣಗಳ ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಕೊಡುವ ವಿಭಾಗದಲ್ಲಿ ದುಡಿದವರು ಅವರು. ನಿವೃತ್ತಿಯ ನಂತರ ಬೀದಿಯವರ ಕಳೆದುಹೋದ ಸೈಕಲ್ಲು, ಯಾರದೋ ಹೆಸರಿಲ್ಲದ ಪತ್ರ, ಎಲ್ಲವೂ ಅವರ ಮುಂದೆ ಬರುತ್ತಿದ್ದವು. ಬಂದದ್ದು ಬಗೆಹರಿಯದೆ ಹಿಂದೆ ಹೋದದ್ದನ್ನು ಸೊಸೆ ಕಂಡಿರಲಿಲ್ಲ.

ಕಮ್ಮಾರ ನಡೆದದ್ದನ್ನು ಹೇಳಿದ. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು, ಕಾಲು ಮುರಿದುಕೊಂಡವರನ್ನು ಹೊತ್ತು ತರುವ ರಕ್ಷಣಾ ದಳ ತನ್ನ ಜನರಿಗೆಲ್ಲ ಒಂದೇ ಬಗೆಯ ಚಾಕು ಆರಿಸಬೇಕೆಂದಿತ್ತು. ಮಡಚುವ ಚಾಕು ಬೇಡ, ಕಟ್ಟಿಗೆ ಸೀಳಿದರೂ ತಡೆಯುವ ಒಂದೇ ಗಟ್ಟಿ ತುಂಡಿನದು ಬೇಕು. ಕೊನೆಯ ಸುತ್ತಿನಲ್ಲಿ ಉಳಿದದ್ದು ಎರಡು: ಇವನದು, ಪಾಲಿಶನದು. ಪಾಲಿಶ ಪೇಟೆಯ ಇನ್ನೊಬ್ಬ ಚಾಕು ತಯಾರಕ. ಮಾತೂ ನುಣುಪು, ಮಾಡಿದ ಮಾಲೂ ನುಣುಪು ಎಂದು ಆ ಹೆಸರು. ಶನಿವಾರ ಸಂಜೆ ಎರಡೂ ಚಾಕುಗಳನ್ನು ದಳದ ಉಗ್ರಾಣದಲ್ಲಿ ಇಟ್ಟರು. ಸೋಮವಾರ ಬೆಳಿಗ್ಗೆ ಎಲ್ಲರೆದುರು ಪರೀಕ್ಷೆ.

"ಕೊರಡಿನ ಮೇಲಿಟ್ಟು, ಬೆನ್ನಿಗೆ ಮರದ ಕೊಡತಿಯಿಂದ ಹೊಡೆದರು. ಮೂರನೇ ಏಟಿಗೆ ಮುರೀತು, ಅಮ್ಮ. ತುಂಡು ಹಾರಿ ಉಗ್ರಾಣ ನೋಡ್ಕೊಳ್ಳೋ ಬೀಗದಕ್ಕನ ಕಿವಿ ಪಕ್ಕದಲ್ಲೇ ಹೋಯ್ತು. ದಳದ ಮುಖ್ಯಸ್ಥರು 'ಉಕ್ಕು ಕಳಪೆ' ಅಂತ ಬರೆದರು. ನಮ್ಮಪ್ಪನ ಕಾಲದಿಂದ ಆ ಮಾತು ಯಾರ ಬಾಯಲ್ಲೂ ಬಂದಿಲ್ಲ. ಇದು ಪಾಲಿಶನದೇ ಕೈಚಳಕ."

"ಅವನ ಹೆಸರು ಆಮೇಲೆ. ಮೊದಲು ಚಾಕು ಮಾತಾಡಲಿ," ಎಂದರು ಅತ್ತೆ.

ಅವರು ಮುರಿದ ಮುಖವನ್ನು ಬೆಳಕಿಗೆ ಹಿಡಿದರು. ಸಕ್ಕರೆ ಹರಳಿನಂತೆ ದಪ್ಪಗೆ ಮಿನುಗುತ್ತಿತ್ತು. ಅರ ತಂದು ಹಿಡಿಯ ಬಳಿ ಉಜ್ಜಿದರು, ಸಣ್ಣಗೆ ಕಚ್ಚಿತು. ಮುರಿದ ಜಾಗದಲ್ಲಿ ಉಜ್ಜಿದರು. ಗಾಜಿನ ಮೇಲಿನಂತೆ ಜಾರಿತು. ಮರದ ಹಿಡಿಗೆ ಏನೂ ಆಗಿರಲಿಲ್ಲ. ಕಮ್ಮಾರನ ಹೊಳಪು ಅಲಗಿನ ಉದ್ದಕ್ಕೂ ಇತ್ತು. ಮುಂದಿನ ಅರ್ಧದಲ್ಲಿ ಮಾತ್ರ ಅದರ ಮೇಲೆ ಅಡ್ಡಡ್ಡ ಗೀರುಗಳು.

ಸೊಸೆ ಅಷ್ಟರಲ್ಲಿ ಒರೆಯನ್ನು ಕೈಗೆತ್ತಿಕೊಂಡಿದ್ದಳು. ಮೇಲ್ಭಾಗ ಮೃದುವಾಗಿಯೇ ಇತ್ತು. ಕೆಳಗಿನ ಅರ್ಧ ಮಾತ್ರ ಕಪ್ಪಾಗಿ, ಮುದುರಿ, ಹಲಗೆಯ ಹಾಗೆ ಬಿರುಸಾಗಿತ್ತು. ತನ್ನದೇ ಕೆಲಸ ಕೆಟ್ಟಿತೇನೋ ಎಂದು ಅವಳ ಮುಖ ಸಪ್ಪೆಯಾಯಿತು.

"ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಹೀಗಾಗುತ್ತೆ ಅತ್ತೆ. ಬಿಸಿಲಿಗೆ ಇಷ್ಟು ಮುದುರಲ್ಲ." ಒರೆಯನ್ನು ತಿರುಗಿಸಿದಳು. "ಅಣ್ಣ, ಬೆಲ್ಟಿನ ಪಟ್ಟಿ ನೀವು ಬದಲಾಯಿಸಿದಿರಾ? ನಾನು ಬಲಗಡೆ ಕಟ್ಟೋ ಹಾಗೆ ಕೂರಿಸಿದ್ದೆ. ಇದು ಎಡಗಡೆಗೆ ಹೋಗಿದೆ, ತಿರುಪಿನ ತಲೇಲಿ ಹೊಸ ಗೀರಿದೆ."

"ನಾನು ಮುಟ್ಟೇ ಇಲ್ಲ ತಂಗಿ."

ಅತ್ತೆ ಸೊಸೆಯ ಕಡೆ ನೋಡಿ ನಕ್ಕರು. "ನಡಿ, ಉಗ್ರಾಣ ನೋಡಿ ಬರೋಣ."

ಉಗ್ರಾಣದಲ್ಲಿ ಹಗ್ಗದ ಸುರುಳಿಗಳು, ಸ್ಟ್ರೆಚರುಗಳು, ದೀಪಗಳು ಸಾಲಾಗಿ ಇದ್ದವು. ಕೀಲಿ ಕಚೇರಿಯ ಮೊಳೆಗೆ ನೇತಾಡುತ್ತಿತ್ತು. ಬೀಗದಕ್ಕ ಭಾನುವಾರ ಬೆಳಿಗ್ಗೆ ಬಂದು ಕಸ ಗುಡಿಸಿ ಹೋಗಿದ್ದಳು. ಪಾಲಿಶ ಅದೇ ಮಧ್ಯಾಹ್ನ ತನ್ನ ಚಾಕುವಿಗೆ ಎಣ್ಣೆ ಹಚ್ಚಲು ಬಂದಿದ್ದನಂತೆ, ಅವನೇ ಒಪ್ಪಿಕೊಂಡ. "ಪಕ್ಕದ ಕಪಾಟು ನಾನು ತೆಗೆಯಲೇ ಇಲ್ಲ," ಎಂದ. ಮೂರನೆಯವರು ಮುಖ್ಯಸ್ಥರು. "ನಾನು ದಿನಾ ಬರ್ತೀನಿ, ಅದರಲ್ಲೇನಿದೆ?" ಎನ್ನುತ್ತಾ ದಿನಚರಿ ಪುಸ್ತಕಕ್ಕೆ ಸಹಿ ಹಾಕಿ, ಎಡ ಅಂಗೈಯ ಅಂಚಿಗೆ ಹತ್ತಿದ ಶಾಯಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಪಾಲಿಶ ಬಲಗೈಯಲ್ಲಿ ಲೋಟ ಹಿಡಿದಿದ್ದ. ಬೀಗದಕ್ಕನ ಬಲಗೈಯಲ್ಲಿ ಪೊರಕೆ.

ಮರುದಿನ ಬೆಳಿಗ್ಗೆ ಅತ್ತೆ ಎಲ್ಲರನ್ನೂ ಅಲ್ಲಿಯೇ ಸೇರಿಸಿದರು. ಕಮ್ಮಾರ ಪಾಲಿಶನ ಮುಖ ನೋಡದೆ ಗೋಡೆಗೆ ಒರಗಿ ನಿಂತಿದ್ದ.

"ಈ ಉಕ್ಕು ಕಳಪೆಯಲ್ಲ," ಎಂದು ಅತ್ತೆ ಶುರು ಮಾಡಿದರು. "ಹಿಡಿ ಹತ್ತಿರ ಹದ ಸರಿಯಾಗಿದೆ, ಮುಂದೆ ಮಾತ್ರ ಗಾಜಿನ ಹಾಗಾಗಿದೆ. ಒಂದೇ ಕುಲುಮೆಯಲ್ಲಿ ಬೆಂದ ಒಂದೇ ತುಂಡು ಹೀಗಾಗಬೇಕಾದರೆ, ಆಮೇಲೆ ಯಾರೋ ಮುಂದಿನ ಅರ್ಧವನ್ನು ಮತ್ತೆ ಕೆಂಪಗೆ ಕಾಯಿಸಿರಬೇಕು, ತಟಕ್ಕನೆ ನೀರಿಗೆ ಹಾಕಿರಬೇಕು. ಅಂಥ ಉಕ್ಕು ಗಟ್ಟಿ ಹೌದು, ಏಟು ತಡೆಯಲ್ಲ. ಮುರಿದ ಕಡೆ ದಪ್ಪ ಹರಳು ಬಂದಿರೋದು ಅದಕ್ಕೇ."

"ಕುಲುಮೆ ಇರೋದು ಪಾಲಿಶನ ಹತ್ತಿರ," ಎಂದ ಕಮ್ಮಾರ.

"ಇರಲಿ. ಕೆಲಸ ಗೊತ್ತಿರೋನು ಹಾಳು ಮಾಡೋಕೆ ಹೊರಟರೆ ಹಿಡಿ ಬುಡದಲ್ಲಿ ಮಾಡ್ತಾನೆ. ಅಲ್ಲಿ ಮುರಿದರೆ ವಿನ್ಯಾಸವೇ ತಪ್ಪು ಅನ್ನಿಸುತ್ತೆ. ಕಪ್ಪು ತೆಗೆಯೋಕೆ ಅಡ್ಡಡ್ಡ ಉಜ್ಜಲ್ಲ. ಬಿಸಿ ಆರದ ಒದ್ದೆ ಅಲಗನ್ನು ಚರ್ಮಕ್ಕಂತೂ ತುರುಕೋದೇ ಇಲ್ಲ. ಇದು ಕೆಲಸ ಬಾರದ, ಗಾಬರಿಯಾದ ಕೈ. ಒರೆ ಮುದುರಿದ್ದು ಬಿಸಿಯಿಂದ ಅಂತ ಹೇಳಿದ್ದು ನನ್ನ ಸೊಸೆ. ಪಟ್ಟಿ ಕಡೆ ಬದಲಾಗಿದೆ ಅಂತ ಹೇಳಿದ್ದೂ ಅವಳೇ. ಕೆಡಿಸೋಕೆ ಬಂದವನಿಗೆ ಆ ಪಟ್ಟಿ ಯಾಕೆ? ಆ ಚಾಕುವನ್ನು ಯಾರೋ ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಹೋಗಿದ್ದಾರೆ, ಎಡಗಡೆಗೆ. ಅಂದರೆ ಎಡಗೈಯವರು."

ಮುಖ್ಯಸ್ಥರು ತಾವಾಗಿಯೇ ಕುರ್ಚಿಯಿಂದ ಎದ್ದರು.

"ನಾನೇ," ಎಂದರು. "ಶನಿವಾರ ಕೈಗೆ ತಗೊಂಡಾಗಲೇ ಮನಸ್ಸು ಸೋತೆ. ಇಷ್ಟು ಚೆನ್ನಾಗಿ ಕೈಗೆ ಕೂರೋ ಚಾಕು ನಾನು ಹಿಡಿದೇ ಇರಲಿಲ್ಲ. ಭಾನುವಾರ ಸಂಜೆ ಬೆಟ್ಟದ ಬುಡಕ್ಕೆ ಕಟ್ಟಿಕೊಂಡು ಹೋದೆ. ಚಹಾಕ್ಕೆ ಬೆಂಕಿ ಮಾಡಿ ಕೆಂಡ ಕೆದಕುತ್ತಿದ್ದೆ. ಫೋನ್ ಬಂತು, ಅದನ್ನು ಕೆಂಡದಲ್ಲೇ ಚುಚ್ಚಿಟ್ಟು ಎದ್ದುಹೋದೆ. ಮಾತು ಮುಗಿಸಿ ಬಂದರೆ ಅಲಗು ಕೆಂಪಗಿತ್ತು. ನೀರಿಗೆ ಅದ್ದಿದೆ, ಮರಳಿನಿಂದ ಉಜ್ಜಿದೆ. ಕಪ್ಪು ಹೋಯ್ತು, ಎಲ್ಲಾ ಸರಿಯಾಯ್ತು ಅಂದುಕೊಂಡೆ."

"ಮುರಿದಾಗ?" ಎಂದ ಕಮ್ಮಾರ.

"ಮುರಿದಾಗ ಅರ್ಥವಾಯ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ನಿನ್ನ ಹೆಸರಿಗೆ ಮಸಿ ಬಳಿದು ಸುಮ್ಮನೆ ಕೂತೆ. ಎರಡು ದಿನದಿಂದ ಅನ್ನ ಸೇರಿಲ್ಲ."

ಬೀಗದಕ್ಕ ತನ್ನ ಕಿವಿ ಮುಟ್ಟಿಕೊಂಡಳು. "ನನ್ನ ಕಿವಿ ಹೋಗಿದ್ದರೆ ಆಗಲಾದರೂ ಬಾಯಿ ಬರ್ತಿತ್ತೇನೋ," ಎಂದಳು. ಅವರು ತಲೆ ತಗ್ಗಿಸಿ ಅವಳ ಬಳಿ ಕ್ಷಮೆ ಕೇಳಿದರು. ದಳದವರನ್ನೆಲ್ಲ ಕರೆದು, ತಮ್ಮ ವರದಿಯನ್ನು ಎಲ್ಲರೆದುರು ಹರಿದು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಇನ್ನು ತೀರ್ಪು ಕೊಡುವ ಯೋಗ್ಯತೆ ತಮಗಿಲ್ಲವೆಂದು ಪೆನ್ನನ್ನು ಬೀಗದಕ್ಕನ ಕೈಗಿತ್ತರು.

ಕಮ್ಮಾರನ ಬಳಿ ಅದೇ ಉಕ್ಕಿನ ಜೋಡಿ ಚಾಕು ಇತ್ತು. ಅದನ್ನು ತಂದಾಗ ಕೊಡತಿ ಎತ್ತಿಕೊಂಡವನು ಪಾಲಿಶ.

"ನಾನೇ ಹೊಡೀತೀನಿ. ಮೆಲ್ಲಗೆ ಹೊಡೆದೆ ಅಂತ ನನ್ನನ್ನು ಯಾರೂ ಅನ್ನಲ್ಲ."

ಅವನು ಬೆವರಿಳಿಯುವಷ್ಟು ಹೊಡೆದ. ಕೊರಡು ಸೌದೆಯಾಯಿತು, ಚಾಕುವಿಗೆ ಏನೂ ಆಗಲಿಲ್ಲ. ಆಮೇಲೆ ಬೀಗದಕ್ಕ ಅದರಿಂದಲೇ ಕಾಗದವನ್ನು ಗಾಳಿಯಲ್ಲಿ ಸೀಳಿದಳು. ಕಮ್ಮಾರ ಮುಂದೆ ಬಂದು ಪಾಲಿಶನ ಕೈಯಿಂದ ಕೊಡತಿ ಇಸಿದುಕೊಂಡ. "ತಪ್ಪು ತಿಳಿದಿದ್ದೆ ಮಾರಾಯ," ಎಂದ.

ತೀರ್ಪು ಬಂತು. ಉಕ್ಕು, ಆಕಾರ, ಹಿಡಿ ಎಲ್ಲದರಲ್ಲೂ ಕಮ್ಮಾರನದೇ ಮೇಲು. ಒರೆಯ ವಿಷಯದಲ್ಲಿ ಬೀಗದಕ್ಕ ಸೊಸೆಯ ಮುಖ ನೋಡಿ ಸಂಕೋಚಪಟ್ಟಳು. "ಹೊಲಿಗೆಗೆ ಎರಡು ಮಾತಿಲ್ಲ ಕಣಮ್ಮ. ಆದರೆ ನಮ್ಮವರು ದಿನವಿಡೀ ತೊರೆ ದಾಟೋರು. ಪಾಲಿಶನ ಪ್ಲಾಸ್ಟಿಕ್ ಒರೆ ಒದರಿದರೆ ಸಾಕು, ಒಣಗುತ್ತೆ."

ಸೊಸೆಗೆ ಒಂದು ಕ್ಷಣ ಚುರುಕ್ಕೆಂದಿತು. ಆಮೇಲೆ ಆ ಒರೆಯನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ನೋಡಿದಳು. "ಇದಕ್ಕೆ ಬೆಲ್ಟಿನ ಪಟ್ಟಿ ಒಂದೇ ಕಡೆ ಇದೆಯಲ್ಲ. ಎಡಗೈಯವರು ಏನು ಮಾಡ್ತಾರೆ?"

ಪಾಲಿಶ ತಲೆ ಕೆರೆದುಕೊಂಡ. "ನಾಳೆ ನಮ್ಮಲ್ಲಿಗೆ ಬಾ ತಂಗಿ. ಪ್ಲಾಸ್ಟಿಕ್ ಬಗ್ಗಿಸೋದು ನಾನು ತೋರಿಸ್ತೀನಿ, ಪಟ್ಟಿ ನೀನು ತೋರಿಸು."

ಮನೆಯ ಕಡೆ ಹೊರಟಾಗ ಬಿಸಿಲು ಹಿತವಾಗಿತ್ತು. ಕಮ್ಮಾರ ಅತ್ತೆಯ ಚೀಲ ಹಿಡಿದು ನಡೆಯುತ್ತಿದ್ದ.

"ಅಮ್ಮ, ನೀವೊಬ್ಬರೇ ಮೊದಲಿಂದ ನನ್ನ ಉಕ್ಕನ್ನು ನಂಬಿದಿರಿ."

"ಎಲ್ಲಿ ನಂಬಿದೆ? ಮೊದಲು ಅನುಮಾನ ಬಂದಿದ್ದೇ ನಿನ್ನ ಮೇಲೆ. ಅದಕ್ಕೇ ಹಿಡಿ ಹತ್ತಿರ ಅರ ಹಾಕಿದ್ದು."

ಕಮ್ಮಾರ ನಡುರಸ್ತೆಯಲ್ಲೇ ನಿಂತುಬಿಟ್ಟ. ಅತ್ತೆ ಹಿಂದಿರುಗಿ ನೋಡಲಿಲ್ಲ. ಸೊಸೆ ಮಾತ್ರ ನಗು ತಡೆಯಲಾರದೆ, ಅವನ ಕೈಯಿಂದ ಚೀಲ ಇಸಿದುಕೊಂಡು ಅವರ ಹಿಂದೆ ನಡೆದಳು.