ದೇವರ ಕೋಣೆಯ ಬಂಗಾರ

ಪೊಲೀಸರ ಕಡೆ ಹೋಗದೆ ಯಮುನಾಬಾಯಿಯ ಮನೆ ಹುಡುಕಿಕೊಂಡು ಬಂದವರ ಮೇಲೆಯೇ ಗುರುಸಿದ್ದವ್ವನಿಗೆ ಮೊದಲ ಸಂಶಯ. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಬ್ಬರೂ ಕೂಡಿ ಕಲಿಸಿದವರು, ಈಗ ನೆರೆಮನೆಯವರು. ಕಗ್ಗಂಟಾದ ಕಳವುಗಳನ್ನು ಬಿಡಿಸುತ್ತಾರೆಂದು ಯಮುನಾಬಾಯಿಯ ಹೆಸರು ಸುತ್ತಲ ಊರುಗಳಿಗೂ ಮುಟ್ಟಿತ್ತು.

1979ರ ಆ ಮುಂಜಾನೆ ಬಂದವನು ಲಕ್ಷ್ಮೇಶ್ವರದ ರಾಮಚಂದ್ರ ಮಾಸ್ತರ. ಬರುವ ವಾರ ಗದಗಿನ ಕೋರ್ಟಿನಲ್ಲಿ ಅವನ ವಿಚ್ಛೇದನ. ಅಡರಕಟ್ಟಿಯ ಹೊಲ ಅವನಿಗೆ, ತವರಿನ ಬಂಗಾರ ಹೆಂಡತಿ ತಾರಾಬಾಯಿಗೆ, ಆರು ವರ್ಷದ ಮಗಳು ವತ್ಸಲಾ ತಾಯಿಯ ಕಡೆ ಎಂದು ರಾಜಿಯಾಗಿತ್ತು. ಮಗಳನ್ನೂ ಬಂಗಾರವನ್ನೂ ಒಯ್ಯಲು ತಾರಾಬಾಯಿ ನಿನ್ನೆ ಮುಂಡರಗಿಯಿಂದ ಬಂದಿದ್ದಳು. ಸಂಜೆ ದೀಪ ಹಚ್ಚುವಾಗ ದೇವರ ಕೋಣೆಯ ಪೆಟ್ಟಿಗೆಯಲ್ಲಿದ್ದ ಬಂಗಾರ, ರಾತ್ರಿ ಹೊಲಕ್ಕೆ ಹೋಗಿದ್ದ ಅವನು ಬೆಳಗಾಗುತ್ತಲೇ ತಿರುಗಿ ಬರುವಷ್ಟರಲ್ಲಿ ಇರಲಿಲ್ಲ.

"ತಾರಾನ ತಗೊಂಡಾಳ, ಬಂಗಾರ ನನಗ ಬಂದಿಲ್ಲ ಅಂತ ಕೋರ್ಟಿನಾಗ ಮತ್ತ ಕೇಳ್ತಾಳ ಅಂತಾಳ ನಮ್ಮವ್ವ," ಎಂದ ರಾಮಚಂದ್ರ. "ಕಳ್ಳಿ ಅಂತಾದ್ರ ಹುಡುಗಿ ನಮ್ಮ ಕಡೆನ ಉಳೀತದ. ಆದ್ರ ನನಗ ಖಾತ್ರಿ ಇಲ್ರಿ, ಬಾಯಾರ."

ಬಸ್ಸಿನಲ್ಲಿ ಗುರುಸಿದ್ದವ್ವ ಪಿಸುಗುಟ್ಟಿದಳು: "ಇವನ ತಗದಿರ್ತಾನಕ್ಕ. ಹೊಲಾನೂ ಬೇಕು, ಬಂಗಾರಾನೂ ಬೇಕು, ಒಳ್ಳೇವ ಅನ್ನಿಸಿಕೊಳ್ಳೂದೂ ಬೇಕು."

"ಮೊದಲ ಮನಿ ನೋಡೋಣು," ಎಂದರು ಯಮುನಾಬಾಯಿ, ಕಿಟಕಿಯಾಚೆಯ ಎರೆಹೊಲಗಳನ್ನು ನೋಡುತ್ತ.

ಮಧ್ಯಾಹ್ನ ಅವರು ಮನೆ ಮುಟ್ಟಿದಾಗ ತಾರಾಬಾಯಿ ಹಿಂದಿನ ಪಡಸಾಲೆಯ ಮೂಲೆಯಲ್ಲಿ ಚಾಪೆಯ ಮೇಲಿದ್ದಳು. ನಿನ್ನೆ ಸಂಜೆ ಮುಟ್ಟಾಗಿ ಹೊರಗೆ ಕೂತಿದ್ದಳು. ಮೂರು ದಿನ ಕಳೆದು ಸ್ನಾನವಾಗುವ ತನಕ ಆ ಮನೆಯಲ್ಲಿ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ವತ್ಸಲಾ ಮಾರು ದೂರ ಕೂತು ತಾಯಿಯ ಮುಖವನ್ನೇ ನೋಡುತ್ತಿತ್ತು. ತಾರಾಬಾಯಿಯ ಚೀಲ ಕಟ್ಟಿ ಸಿದ್ಧವಾಗಿತ್ತು. ನಸುಕಿನಲ್ಲೇ ಕಟ್ಟಿದ್ದೆನೆಂದು ಅವಳೇ ಒಪ್ಪಿದಳು. ಆ ಮನೆಯಲ್ಲಿ ಇರುವುದು ಬೇಡಾಗಿತ್ತಂತೆ. ಬೆಳಿಗ್ಗೆ ಚೀಲ ಜಾಲಾಡಿದರೂ, ಮನೆಯೆಲ್ಲ ಹುಡುಕಿದರೂ ಏನೂ ಸಿಕ್ಕಿರಲಿಲ್ಲ. ಗುರುಸಿದ್ದವ್ವನ ಸಂಶಯ ಈಗ ಆ ಚೀಲದ ಕಡೆ ಹೊರಳಿತು.

ಅತ್ತೆ ಸರಸ್ವತಿಬಾಯಿ ಮಡಿಸೀರೆಯಲ್ಲಿ ಬಂದು ನಿಂತರು. ದೇವರ ಕೋಣೆಯಲ್ಲಿ ಮಡಿನೀರು ತುಂಬಿಟ್ಟು ಹೂವಿಗೆಂದು ಹಿತ್ತಲಿಗೆ ಹೋಗಿ ಬರುವಾಗ, ಸೊಸೆ ಆ ಕೋಣೆಯಿಂದ ಹೊರಬಿದ್ದದ್ದನ್ನು ಕಣ್ಣಾರೆ ಕಂಡೆನೆಂದರು.

"ಪೂಜಿ ಆತೇನ್ರಿ?" ಯಮುನಾಬಾಯಿ ಕೇಳಿದರು.

"ಪೂಜಿ, ನೈವೇದ್ಯ, ಎಲ್ಲಾ ಆತು. ಈ ಮನೀಗೆ ಬಂದಾಗಿಂದ ಒಂದು ದಿನ ತಪ್ಪಿಲ್ಲ. ತೀರ್ಥ ತಗೋರಿ."

"ಈ ನೀರು ಯಾವಾಗಿಂದು?"

"ನಸುಕಿನ್ಯಾಗ ತುಂಬಿದ್ದ."

ಯಮುನಾಬಾಯಿ ತೀರ್ಥ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು, ಎಲ್ಲರನ್ನೂ ಹಿಂದಿನ ಪಡಸಾಲೆಗೇ ಕರೆದರು. ಹೊರಗೆ ಕೂತ ತಾರಾಬಾಯಿಗೂ ಮಾತು ಕೇಳಿಸಬೇಕಿತ್ತು.

ರಾಮಚಂದ್ರ ರಾತ್ರಿಯೆಲ್ಲ ಅಡರಕಟ್ಟಿಯಲ್ಲಿದ್ದನೆಂದು ಜಗಳವಾಡುವ ಇಬ್ಬರು ಹೆಂಗಸರೂ ಒಪ್ಪುತ್ತಾರೆ. ಅವನು ಬರುವ ಮೊದಲೇ ಪೆಟ್ಟಿಗೆ ಬರಿದಾಗಿತ್ತು, ಹಾಗಾಗಿ ಅವನಲ್ಲ ಎಂದರು ಯಮುನಾಬಾಯಿ. ಆಮೇಲೆ ಸರಸ್ವತಿಬಾಯಿಯ ಕಡೆ ತಿರುಗಿದರು.

"ಹೊರಗ ಕೂತಾಕಿ ದೇವರ ಕೋಣಿ ಹೊಕ್ಕಿದ್ದು ನೀವು ಖರೇನ ನೋಡಿದ್ರ, ಆ ನೀರು ಚೆಲ್ಲತಿದ್ರಿ. ಪಾತ್ರಿ ಬೆಳಗತಿದ್ರಿ. ದೇವರಿಗೆ ಶುದ್ಧಿ ಆಗೂತನಕ ಒಲಿ ಹಚ್ಚತಿದ್ದಿಲ್ಲ. ನೀವು ಅದ ನೀರಿಲೆ ಅಡಗಿ ಮಾಡಿ ನೈವೇದ್ಯ ಇಟ್ರಿ, ನನಗೂ ಕೊಟ್ರಿ."

"ಅವಸರದಾಗ ಮರತಿರಬೇಕಕ್ಕ," ಎಂದಳು ಗುರುಸಿದ್ದವ್ವ. ಅವಳ ಮನೆಯಲ್ಲಿ ಇಂಥ ಮಡಿಯಿರಲಿಲ್ಲ.

"ಮರೀಲಿಕ್ಕೆ ಆಗೂದಿಲ್ಲ, ಗುರುಸಿದ್ದವ್ವ. ಮೈಲಿಗಿ ಆಗ್ಯದ ಅಂತ ಗೊತ್ತಿದ್ರ ಇವರಿಗೆ ತುತ್ತು ಇಳೀತಿದ್ದಿಲ್ಲ. ಬಾಯಿ ಸುಳ್ಳು ಹೇಳಿತು, ಕೈಗೆ ಬರಲಿಲ್ಲ. ತಾರಾ ಒಳಗ ಹೋಗೇ ಇಲ್ಲ. ಉಳಿದವರು ಒಬ್ಬರ. ಮನಿಯೆಲ್ಲಾ ಹುಡುಕಿದ್ರೂ ಮಡಿಯಿಲ್ಲದವರು ಮುಟ್ಟದ್ದು ಒಂದ ಅದ: ದೇವರ ಮಂಟಪ. ಅದರ ಕೆಳಗ ನೋಡ್ರಿ."

ಸರಸ್ವತಿಬಾಯಿಯೇ ಎದ್ದು ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಗಂಟಿತ್ತು.

"ಕೂಸು ಹೋದ್ರ ಈ ಮನ್ಯಾಗ ನಾ ಯಾರನ್ನ ಊಟಕ್ಕ ಕರೀಲಿ?" ಎಂದರು. ಅದು ಕ್ಷಮೆ ಕೇಳುವ ದನಿಯಾಗಿರಲಿಲ್ಲ.

ತಾರಾಬಾಯಿ ಗಂಟಿನ ಕಡೆ ನೋಡಲಿಲ್ಲ. ಮಗಳನ್ನು ನೋಡುತ್ತಲೇ ಮಾತಾಡಿದಳು.

"ಪೊಲೀಸರಿಗೆ ಹೇಳೂದಿಲ್ಲ, ಅತ್ತ್ಯಾರ. ಸಾಲಿ ಸೂಟಿಗೆ ವತ್ಸಲಾನ್ನ ಕಳಸ್ತೀನಿ ಅಂತ ಕೋರ್ಟಿನಾಗ ಬರದು ಕೊಡ್ತೀನಿ. ತಿರುಗಿ ಕಳಸ್ತೀವಿ ಅಂತ ನೀವೂ ಬರದು ಕೊಡ್ರಿ."

"ಅಷ್ಟೂ ನಂಬಿಕಿ ಇಲ್ಲೇನು?" ಎಂದ ರಾಮಚಂದ್ರ.

"ಇಲ್ಲ."

ಅವನು ತಾಯಿಯ ಕಡೆ ನೋಡಿದ. ಸರಸ್ವತಿಬಾಯಿ ಗಂಟನ್ನು ಚಾಪೆಯ ಅಂಚಿಗೆ ಇಟ್ಟು ಹಿಂದೆ ಸರಿದರು.

"ಆಕಿ ಹೇಳಿದಂಗ ಬರದು ಕೊಡು, ರಾಮಾ," ಎಂದರು. "ಆಕಿ ಜಾಗಾದಾಗ ನಾ ಇದ್ರೂ ಬರಸ್ಕೊತಿದ್ದೆ."